ಬಳೆಯೊಳಗಿನ ತೆರಪು

ಬೇಲೂರು ಚೆನ್ನಕೇಶವನ ನವರಂಗದಲ್ಲಿ ಗೈಡುಗಳು ಕತ್ತೆತ್ತಿಸಿ ತೋರಿಸುವ ಮದನಿಕೆಯೊಬ್ಬಳ ಕೈಬಳೆ ಅಲುಗುತ್ತದೆ. ಬಳೆ, ಮುಂಗೈ ಎರಡೂ ಒಂದೇ ಬಳಪದ ಕಲ್ಲು. ನಡುವೆ ಶಿಲ್ಪಿ ಕೆತ್ತಿ ತೆಗೆದಷ್ಟು ತೆರಪು. ನನಗೆ ಬಳೆಗಿಂತ ಆ ತೆರಪೇ ಚೆಂದ.

ಹೆಗಲ ಹಲಗೆಯೂ ಹೀಗೆ ಆಡುವ ಮೂಳೆ. ಪಕ್ಕೆಲುಬಿನ ಗೂಡಿಗೂ ಅದಕ್ಕೂ ನಡುವೆ ನಿಜವಾದ ಕೀಲಿಲ್ಲ. 17 ಸ್ನಾಯುಗಳ ಹಿಡಿತದಲ್ಲಿ ಜಾರಾಡುತ್ತದೆ. ನಡುಭಾಗವಂತೂ ಬೆಳಕಿಗೆ ಹಿಡಿದರೆ ಮಿನುಗುವಷ್ಟು ತೆಳು. ಒಳಮುಖದಲ್ಲಿ ಆಸ್ಟಿಯೋಕಾಂಡ್ರೋಮಾ ಮೊಳೆತರೆ ಆಟ ಕೆಡುತ್ತದೆ. ಕ್ಯಾನ್ಸರ್ ಅಲ್ಲ, ಮೆದ್ದೆಲುಬಿನ ಟೊಪ್ಪಿ ಹಾಕಿದ ಮೂಳೆಮೊಗ್ಗು. ಹೊಯ್ಸಳರ ಕಲ್ಲು ಗಣಿಯಲ್ಲಿ ಮೆದು, ಗಾಳಿ ತಾಗಿ ಗಟ್ಟಿ. ಈ ಗಂಟೂ ಮೆದ್ದೆಲುಬಾಗಿ ಹುಟ್ಟಿ ಮೂಳೆಯಾಗುತ್ತದೆ. ತೋಳೆತ್ತಿದಾಗೆಲ್ಲ ಕಟಕ್. ನೋಯದಿದ್ದರೆ ಅದರ ಪಾಡಿಗೆ ಬಿಡುವುದುಂಟು.

ತೆಗೆಯಬೇಕಾದರೆ ಉದ್ದಕ್ಕೆ ಕೊಯ್ದು ಸ್ನಾಯು ಬಿಡಿಸುವ ಹಳೆಯ ದಾರಿ ಇದ್ದೇ ಇದೆ. ಎಂಡೋಸ್ಕೋಪಿನ ದಾರಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಭಂಗಿ. ರೋಗಿಯನ್ನು ಬೋರಲು ಮಲಗಿಸಿ ಕೈಯನ್ನು ಬೆನ್ನ ಹಿಂದಕ್ಕೆ ಮಡಚುತ್ತಾರೆ. ಸರ್ಜನ್ನರ ಬಾಯಲ್ಲಿ ಇದು ಕೋಳಿರೆಕ್ಕೆ. ಬೇಲೂರಿನ ಶಿಲ್ಪಿಗಳಾಗಿದ್ದರೆ ಇನ್ನೂ ಒಳ್ಳೆಯ ಹೆಸರು ಇಡುತ್ತಿದ್ದರೇನೋ. ಮಡಚಿದ್ದೇ ತಡ, ಹಲಗೆಯ ಒಳ ಅಂಚು ಎದೆಗೂಡಿನಿಂದ ಮೇಲೇಳುತ್ತದೆ, ಅಡಿಯಲ್ಲಿ ತೆರಪು ಬಿಚ್ಚಿಕೊಳ್ಳುತ್ತದೆ. ಅಂಚಿಗೆ ಒತ್ತಿಕೊಂಡೇ ನರವೊಂದು ಇಳಿಯುವುದರಿಂದ ಬೆನ್ನುಮೂಳೆಯ ಕಡೆಗೆ ಸುಮಾರು 3 ಸೆಂಟಿಮೀಟರ್ ಸರಿದು ಪುಟ್ಟ ತೂತುಗಳು. ಒಂದರಲ್ಲಿ ಕ್ಯಾಮೆರಾ, ಇನ್ನೊಂದರಲ್ಲಿ ಮೂಳೆ ಸವೆಸುವ ಬರ್. ಉಪ್ಪುನೀರು ತುಂಬಿ ಜಾಗ ಹಿಗ್ಗಿದಾಗ ಪರದೆಯ ಮೇಲೆ ಮುತ್ತಿನ ಬಿಳುಪಿನ ಟೊಪ್ಪಿ.

ಹಳೇಬೀಡಿನ ಕಡೆದ ಕಂಬಗಳಲ್ಲಿ ಕಲ್ಲು ತಿರುಗಿತ್ತು, ಉಳಿ ನಿಂತಿತ್ತು. ಇಲ್ಲಿ ಮೂಳೆ ನಿಂತಿದೆ, ಬರ್ ತಿರುಗುತ್ತದೆ. ಸವೆದ ಪುಡಿ ನೀರಲ್ಲಿ ಸುಳಿದು ಕೊಳವೆಗೆ ಹೋಗುತ್ತದೆ. ಟೊಪ್ಪಿಯ ಚೂರು ಉಳಿದರೆ ಗಂಟು ಮತ್ತೆ ಚಿಗುರಬಹುದು. ಅತಿಯಾಗಿ ಕೆರೆದರೆ ತೆಳು ಹಲಗೆ ತಾಳದು, ಕೈಜಾರಿದರೆ ಆಚೆ ಪಕ್ಕೆಲುಬು, ಅದರಾಚೆ ಶ್ವಾಸಕೋಶ. ಕೊನೆಗೆ ತೋಳನ್ನು ಸುತ್ತಿಸಿ ನೋಡುವಾಗ ಬೆರಳಿಗೆ ಕಟಕ್ ಸಿಗಬಾರದು.

ಬೇಲೂರಿನಿಂದ ವಾಪಸಾಗುವಾಗ ಅರಸೀಕೆರೆಯಲ್ಲಿ ಇಳಿದೆ. 1220ರ ಶಿವಾಲಯದ ನಕ್ಷತ್ರ ಮಂಟಪ ನೋಡುವುದಿತ್ತು, ಕತ್ತಲಾಗುತ್ತಿತ್ತು. ಲಾರಿಯ ಹತ್ತಿರ ಹಮಾಲಿಯೊಬ್ಬ ಕೊಬ್ಬರಿ ಮೂಟೆಗೆ ಕೈಕೊಟ್ಟು ಎತ್ತಿದ. ಬೆವರಿದ ಬರಿಬೆನ್ನ ಮೇಲೆ ಎರಡು ಹಲಗೆಗಳು ಅಗಲಕ್ಕೆ ಜಾರಿ, ಮೂಟೆ ಹೆಗಲಿಗೆ ಕೂತ ಮೇಲೆ ಸದ್ದಿಲ್ಲದೆ ಒಳಗೆ ಬಂದವು.