ಜೇಡವಲ್ಲದ ಜೇಡ

ನನ್ನ ಪ್ರಬಂಧದ ಮೂರನೆಯ ಅಧ್ಯಾಯ ‘ಅನುಕರಣ’ ಎಂಬ ಮಾತಿನ ಹತ್ತಿರ ಬಂದು ನಿಂತುಬಿಟ್ಟಿತ್ತು. ಶಂಕುಕನ ಚಿತ್ರತುರಗ ನ್ಯಾಯವನ್ನು ಎಷ್ಟು ಸಲ ಬರೆದರೂ ಅದು ಎಂ.ಎ. ಪರೀಕ್ಷೆಯ ಉತ್ತರದಂತೆಯೇ ಕಾಣುತ್ತಿತ್ತು. ಆಗ ಓದಿದ್ದು ಮೀನು ಹಿಡಿಯುವ ಒಂದು ಪುಸ್ತಕ: ಸ್ಕಾಟ್ಲೆಂಡಿನ ಡಬ್ಲ್ಯು. ಸಿ. ಸ್ಟುವರ್ಟ್ 1857ರಲ್ಲಿ ಪ್ರಕಟಿಸಿದ ‘ದಿ ಪ್ರಾಕ್ಟಿಕಲ್ ಆ್ಯಂಗ್ಲರ್’.

ಗಾಳದ ಕೊಕ್ಕೆಗೆ ದಾರ, ಗರಿ ಸುತ್ತಿ ಹುಳದ ಸೋಗು ಹಾಕಿಸಿದರೆ ಅದು ‘ಫ್ಲೈ’. ಸ್ಟುವರ್ಟ್ ಹೆಸರು ಮಾಡಿದ್ದು ‘ಸ್ಪೈಡರ್’ ಎಂಬ ಮೂರು ಬಗೆಯ ಫ್ಲೈಗಳಿಂದ. ಕಪ್ಪು ಸ್ಪೈಡರ್‌ಗೆ ಬೇಕಾದ ಸಾಮಾನು ಇಷ್ಟೇ: ಕಂದು ರೇಷ್ಮೆ ದಾರ ಮತ್ತು ನಮ್ಮ ಕಬ್ಬಕ್ಕಿಯ ಬಳಗಕ್ಕೆ ಸೇರಿದ ಸ್ಟಾರ್ಲಿಂಗ್ ಹಕ್ಕಿಯ ಒಂದು ಮೆತ್ತನೆಯ ಗರಿ. ರೆಕ್ಕೆಯಿಲ್ಲ, ಬಾಲವಿಲ್ಲ. ಹೆಸರು ಜೇಡವಾದರೂ ಅದು ಜೇಡದ ನಕಲಲ್ಲ. ಗರಿಯ ಎಳೆಗಳು ಕಾಲುಗಳ ಹಾಗೆ ಸುತ್ತಲೂ ಹರಡಿರುತ್ತವೆ, ಅಷ್ಟೇ. ನೀರಿನೊಳಗೆ ಆ ಎಳೆಗಳು ಅಲುಗಿದಾಗ ಮೀನಿಗೆ ಯಾವುದೋ ಜೀವ ಒದ್ದಾಡಿದಂತೆ ಕಾಣುತ್ತದೆ.

ಇದರ ಹಿಂದೆ ಒಂದು ಜಗಳವಿದೆ. 1836ರಲ್ಲಿ ಆಲ್ಫ್ರೆಡ್ ರೊನಾಲ್ಡ್ಸ್ ನದಿಯ ಹುಳಗಳನ್ನೂ ಅವುಗಳ ನಕಲುಗಳನ್ನೂ ಬಣ್ಣದ ಚಿತ್ರಗಳಲ್ಲಿ ಜೋಡಿಸಿ ತೋರಿಸಿದ್ದ. ಇಂಥ ಹುಳಕ್ಕೆ ಇಂಥದೇ ಫ್ಲೈ ಬೇಕೆಂಬ ನಂಬಿಕೆ ಬೆಳೆಯಿತು. ಸ್ಟುವರ್ಟ್ ಅದನ್ನು ಒಪ್ಪಲಿಲ್ಲ. ಮೀನೇನು ಬಣ್ಣದ ಛಾಯೆಗಳನ್ನು ಎಣಿಸುತ್ತ ಕೂತಿರುತ್ತದೆಯೇ? ಗಾತ್ರ, ಆಕಾರ, ಹಗುರತನ ಮುಖ್ಯವೆಂದ.

ಇಲ್ಲಿ ನನಗೆ ನೆನಪಾದದ್ದು ಅಭಿನವಗುಪ್ತನ ಗುರು ಭಟ್ಟ ತೌತ. ನಟ ರಾಮನನ್ನು ಅನುಕರಿಸುತ್ತಾನೆ ಎಂದ ಶಂಕುಕನಿಗೆ ತೌತ ಹಾಕಿದ ಸವಾಲು ಸರಳ: ರಾಮನನ್ನು ಕಂಡವರು ಯಾರು? ಮೂಲವನ್ನೇ ಕಾಣದವನು ಇದು ಅದರ ಅನುಕರಣ ಎಂದು ಹೇಗೆ ಅರಿತಾನು? ಸ್ಪೈಡರ್‌ಗೂ ಇಂಥದೇ ಎಂಬ ಮೂಲವಿಲ್ಲ. ಆದರೂ ಅದು ಕೆಲಸ ಮಾಡುತ್ತದೆ. (ಹೋಲಿಕೆಯನ್ನು ಬಹಳ ಎಳೆಯಬಾರದು. ಮೀನು ನಿಜಕ್ಕೂ ಮೋಸಹೋಗುತ್ತದೆ, ಪ್ರಾಣವನ್ನೇ ಕಳೆದುಕೊಳ್ಳುತ್ತದೆ; ಸಹೃದಯ ಮೋಸಹೋಗುವುದಿಲ್ಲ. ಹಾಗಾಗಿ ಇದು ಮಾಡುವವನ ವಿಷಯಕ್ಕೆ ಒಪ್ಪುವ ಮಾತು, ನೋಡುವವನ ವಿಷಯಕ್ಕಲ್ಲ.)

ಟ್ರೌಟ್ ತಣ್ಣೀರಿನ ಮೀನು. ನೀಲಗಿರಿಯ ತೊರೆಗಳಿಗೆ ಬ್ರಿಟಿಷರು ತಂದುಬಿಟ್ಟರು, ನಮ್ಮ ಕೆಲಗೇರಿ ಕೆರೆಯಲ್ಲಿ ಅದು ಬದುಕದು. ಆದರೂ ಒಂದು ಫ್ಲೈ ಕಟ್ಟಿ ನೋಡಿದೆ: ದರ್ಜಿ ಅಂಗಡಿಯ ದಾರ, ಜವಾರಿ ಕೋಳಿಯ ಕುತ್ತಿಗೆಯ ಗರಿ. ಅಂಗೈಯಲ್ಲಿಟ್ಟರೆ ಒದ್ದೆ ಕಸದ ಹಾಗಿತ್ತು. ಕೆರೆ ದಂಡೆಯಲ್ಲಿ ಹಿಟ್ಟಿನುಂಡೆ ಸಿಕ್ಕಿಸಿ ಗಾಳ ಹಾಕಿ ಕೂತಿದ್ದ ಹಿರಿಯರೊಬ್ಬರಿಗೆ ತೋರಿಸಿದೆ.

“ಕಾಕಾ, ಇದು ಹುಳದಂಗ ಕಾಣಸ್ತೈತೇನ್ರಿ?”

“ಕೈಯಾಗ ಹಿಡಕೊಂಡು ಏನ್ ಕೇಳ್ತಿ ತಮ್ಮಾ? ನೀರಾಗ ಬಿಟ್ಟು ನೋಡು.”

ಬಿಟ್ಟೆ. ಎಳೆಗಳು ಬಿಚ್ಚಿಕೊಂಡವು. ದಾರ ಎಳೆದರೆ ಮುದುಡಿದವು, ಸಡಿಲ ಬಿಟ್ಟರೆ ಮತ್ತೆ ಅರಳಿದವು. ಕಾಕಾ ಒಮ್ಮೆ ನೋಡಿ, ತಮ್ಮ ಗಾಳದ ಕಡೆ ತಿರುಗಿದರು.

ಅಲ್ಲಿ ಕೂತಾಗ ನನ್ನನ್ನು ಚುಚ್ಚಿದ್ದು ಎರಡು ವರ್ಷದ ಹಿಂದೆ ನಾನೇ ಬರೆದ ಒಂದು ವಿಮರ್ಶೆ. ನಮ್ಮ ಕಡೆಯ ಒಬ್ಬರ ಕಥೆಯನ್ನು ಅದರ ಭಾಷೆಗಾಗಿ ಹೊಗಳಿದ್ದೆ. ‘ಐತಿ’, ‘ಹೋಗೂದು’, ‘ಬ್ಯಾಡ’ ಎಲ್ಲ ಹುಬೇಹೂಬು ಧಾರವಾಡದ್ದು ಎಂದು ಪಟ್ಟಿ ಕೊಟ್ಟಿದ್ದೆ. ಅದು ರೊನಾಲ್ಡ್ಸನ ಕೆಲಸ. ಆಡುಮಾತಿನ ನಿಖರತೆಗೆ ಅಂಕ ಕೊಡುವ ಈ ಚಟ ನನ್ನೊಬ್ಬನದಲ್ಲ. ಹಾಗೆ ಅಂಕ ಕೊಡುವಾಗ ನಾವು ಕಥೆಯನ್ನು ಒಣಗಿದ್ದಾಗಲೇ ಅಳೆಯುತ್ತಿರುತ್ತೇವೆ. ತೇಜಸ್ವಿ ಸ್ವತಃ ಗಾಳದ ಹುಚ್ಚಿನವರು. ಅವರ ‘ಕರ್ವಾಲೊ’ದ ಮಂದಣ್ಣ ನಮಗೆ ನೆನಪಿರುವುದು ಅವನ ಮಾತು ಮಲೆನಾಡಿಗೆ ಎಷ್ಟು ನಿಷ್ಠ ಎಂಬ ಲೆಕ್ಕದಿಂದಲ್ಲ. ಊರಿನ ಕಣ್ಣಿಗೆ ಬೇಕಾರ್ ಹುಡುಗ, ಕರ್ವಾಲೊರ ಕಣ್ಣಿಗೆ ಹುಟ್ಟು ನಿಸರ್ಗಜ್ಞ. ಆ ಎರಡರ ನಡುವೆ ಅವನು ಅಲುಗುತ್ತಲೇ ಇರುತ್ತಾನೆ.

ಸ್ಟುವರ್ಟ್‌ಗೂ ಮಿತಿಯಿದೆ. ಬುಟ್ಟಿ ತುಂಬಿತೇ ಎಂಬುದೊಂದೇ ಅವನ ಅಳತೆ. ಆ ಅಳತೆ ಸಾಹಿತ್ಯಕ್ಕೆ ಬಂದರೆ ಮಾರಾಟದ ಲೆಕ್ಕವಾಗುತ್ತದೆ.

ಮನೆಗೆ ಬಂದು ಆ ಕಥೆಯನ್ನು ಮತ್ತೆ ಓದಿದೆ. ನಾನು ಪಟ್ಟಿ ಮಾಡಿದ್ದ ಸಂಭಾಷಣೆಗಳು ಸಪ್ಪಗಿದ್ದವು. ನಡುವೆ, ನಾನು ವಿಮರ್ಶೆಯಲ್ಲಿ ಹೆಸರಿಸದೇ ಬಿಟ್ಟ ಒಂದು ಜಾಗವಿತ್ತು. ಹೊರಗೆ ಮಗನ ಕಾಗದವನ್ನು ಯಾರೋ ಓದುತ್ತಿರುತ್ತಾರೆ. ಒಳಗೆ ತಾಯಿ ರೊಟ್ಟಿ ಬಡಿಯುವ ಸದ್ದು ನಿಲ್ಲುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಗುತ್ತದೆ. ಅವಳು ಏನೂ ಮಾತಾಡುವುದಿಲ್ಲ.