ಕಮಾನಿನ ಆಚೆಯ ರಸ್ತೆ

ಯಾದಗಿರಿ, ಶಹಾಪುರ, ಸುರಪುರದ ಕಡೆ ಪ್ಲಾಟು ನೋಡಲು ಹೋದವರು ಮೊದಲು ಕೇಳುವುದು ‘ಎನ್‌ಎ (ಕೃಷಿಯೇತರ) ಆಗ್ಯಾದೇನ್ರಿ?’ ಎಂದು. ಆಗಿದೆ ಎಂದರೆ ಅರ್ಧ ವ್ಯಾಪಾರ ಕುದುರಿದಂತೆ. ‘ಇಲ್ಲಿಗೆ ಬರೋ ರಸ್ತಾ ಎಷ್ಟು ಅಗಲ ಅದ?’ ಎಂದು ಕೇಳುವವರು ಅಪರೂಪ. ಕೊಳ್ಳುವವರನ್ನು ದೂರಿ ಫಲವಿಲ್ಲ. ಅನುಮತಿ ಕೊಡುವ ವ್ಯವಸ್ಥೆಯೇ ಆ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳುವುದಿಲ್ಲ.

ಹೊಲ ಪ್ಲಾಟಾಗುವ ದಾರಿಯಲ್ಲಿ ಮುಖ್ಯವಾಗಿ ಎರಡು ಕಾನೂನುಗಳಿವೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಆಗುವುದು ಭೂ ಪರಿವರ್ತನೆ, ಜನರ ಬಾಯಲ್ಲಿ ಎನ್‌ಎ. ಮಹಾಯೋಜನೆಯಲ್ಲಿ ಹಸಿರು ಎಂದು ಗುರುತಿಸಿದ್ದನ್ನು ವಸತಿ ಅಥವಾ ವಾಣಿಜ್ಯ ಎಂದು ಬದಲಿಸಬೇಕಾದರೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14-ಎ ಕಲಮು ಬರುತ್ತದೆ. ಬದಲಾವಣೆ ಸಾರ್ವಜನಿಕ ಹಿತಕ್ಕಾಗಿ ಇರಬೇಕು, ಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆ ಕರೆಯಬೇಕು ಎನ್ನುತ್ತದೆ ಅದು. ಮಾತು ಚೆನ್ನಾಗಿದೆ. ಆದರೆ ಪ್ರಕಟಣೆಯಲ್ಲಿ ಸಾಮಾನ್ಯವಾಗಿ ಕಾಣುವುದು ಸರ್ವೆ ನಂಬರು, ಎಕರೆ-ಗುಂಟೆ, ಯಾವ ವಲಯದಿಂದ ಯಾವ ವಲಯಕ್ಕೆ ಎಂಬಿಷ್ಟೇ. ಅಲ್ಲಿ ಎಷ್ಟು ಮನೆ ಏಳುತ್ತವೆ, ಆ ಮನೆಯವರ ಗಾಡಿಗಳು ಯಾವ ರಸ್ತೆಗೆ ಬೀಳುತ್ತವೆ ಎಂಬುದು ತಿಳಿಯದೆ ಯಾರು, ಯಾವುದಕ್ಕೆ ಆಕ್ಷೇಪಿಸಬೇಕು?

ಲೇಔಟಿನ ಒಳಗಿನ ವಿಚಾರದಲ್ಲಿ ನಮ್ಮ ನಿಯಮ ಅಷ್ಟು ಸಡಿಲವಲ್ಲ, ಇದನ್ನು ಒಪ್ಪಬೇಕು. ಒಳರಸ್ತೆಯ ಅಗಲ, ಉದ್ಯಾನ, ನಾಗರಿಕ ಸೌಲಭ್ಯದ ಜಾಗ ಎಲ್ಲಕ್ಕೂ ಲೆಕ್ಕವಿದೆ. ಚರಂಡಿ, ನೀರು, ಕರೆಂಟು, ರಸ್ತೆಯ ಕೆಲಸ ಮುಗಿಯುತ್ತ ಹೋದಂತೆ ನಿವೇಶನಗಳನ್ನು 40:30:30ರ ಪ್ರಮಾಣದಲ್ಲಿ ಬಿಡುಗಡೆ ಮಾಡುವ ಪದ್ಧತಿಯಂತೂ ಜಾಣತನದ್ದು. ಕೆಲಸ ಮೊದಲು, ಮಾರಾಟ ಆಮೇಲೆ. ತೊಂದರೆ ಏನೆಂದರೆ ಈ ಜಾಣತನ ಲೇಔಟಿನ ಕಮಾನಿಗೆ ಬಂದು ನಿಲ್ಲುತ್ತದೆ. ಕಮಾನಿನ ಆಚೆಗೆ ‘ಸಂಪರ್ಕ ರಸ್ತೆ ಇದೆ’ ಎಂದು ತೋರಿಸಿದರೆ ಸಾಕು. ಎತ್ತಿನ ಗಾಡಿಗೆಂದು ಗ್ರಾಮನಕ್ಷೆಯಲ್ಲಿ ಎಳೆದ ಬಂಡಿ ದಾರಿಯೂ ಅಲ್ಲಿ ರಸ್ತೆಯಾಗಿಬಿಡಬಹುದು. ಒಂದೇ ಬಂಡಿ ದಾರಿಯನ್ನು ಅಕ್ಕಪಕ್ಕದ ನಾಲ್ಕು ಹೊಲದವರು ತಮ್ಮ ತಮ್ಮ ಅರ್ಜಿಯಲ್ಲಿ ತೋರಿಸಿದರೆ, ನಾಲ್ಕು ಕಡತಗಳಲ್ಲಿ ಅದು ನಾಲ್ಕು ಸಲ ಖಾಲಿ ರಸ್ತೆಯೇ.

ಮೂರೂ ಊರುಗಳು ಹಿಗ್ಗಲು ಎಲ್ಲ ದಿಕ್ಕೂ ತೆರೆದಿಲ್ಲ ಎಂಬುದರಿಂದ ಈ ಇಕ್ಕಟ್ಟು ಇನ್ನಷ್ಟು ಬಿಗಿಯಾಗುತ್ತದೆ. ಸುರಪುರ ಗುಡ್ಡಗಳ ನಡುವಿನ ಊರು. ಊರನ್ನು ಆಳಿದ ನಾಯಕರ ಕಾಲದ ಓಣಿಗಳು ಕುದುರೆ, ಮೇಣೆಗೆ ಸಾಕಾಗಿದ್ದವು. ಬಂಡೆ ಒಡೆದು ಅಗಲಿಸುವುದು ಸುಲಭವಲ್ಲವಾದ್ದರಿಂದ ಹೊಸ ಮನೆಗಳೆಲ್ಲ ರಂಗಂಪೇಟೆಯ ಕಡೆಗೋ ಹೆದ್ದಾರಿಯ ಕಡೆಗೋ ಸರಿಯುತ್ತವೆ. ಶಹಾಪುರಕ್ಕೂ ಬೆನ್ನಿಗೆ ಗುಡ್ಡ. ಜೇವರ್ಗಿಯಿಂದ ಹೊರಟು ಶಹಾಪುರ, ಸುರಪುರದ ಮೇಲೆ ಹಾದು ಚಾಮರಾಜನಗರದವರೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 150-ಎ ಈ ಎರಡೂ ಊರುಗಳಿಗೆ ಬೈಪಾಸೂ ಅದೇ, ಪೇಟೆ ಬೀದಿಯೂ ಅದೇ ಎಂಬಂತಾಗಿದೆ. ಕೃಷ್ಣಾ ಮೇಲ್ದಂಡೆಯ ನೀರು ಬಂದ ಮೇಲೆ ಇದು ಭತ್ತದ ಸೀಮೆ, ಹತ್ತಿಯೂ ಉಂಟು. ಸುಗ್ಗಿಯಲ್ಲಿ ಹತ್ತಿಯ ಲಾರಿ, ಭತ್ತ ಹೇರಿದ ಟ್ರ್ಯಾಕ್ಟರು, ಕೊಯ್ಲು ಯಂತ್ರ, ಜನ ತುಂಬಿದ ಟಂಟಂ, ಸ್ಕೂಲ್ ಬಸ್ಸು ಎಲ್ಲವೂ ಒಂದೇ ಡಾಂಬರಿನ ಮೇಲೆ. ಅದೇ ಡಾಂಬರಿಗೆ ಹೊಸ ಲೇಔಟುಗಳ ಬಾಯಿ ತೆರೆದುಕೊಳ್ಳುತ್ತದೆ. ರಾಷ್ಟ್ರೀಯ ಹೆದ್ದಾರಿಗೆ ಹೀಗೆ ದಾರಿ ಜೋಡಿಸಲು 2002ರ ರಾಷ್ಟ್ರೀಯ ಹೆದ್ದಾರಿ ನಿಯಂತ್ರಣ ಕಾಯ್ದೆಯಂತೆ ಅನುಮತಿ ಬೇಕು, ನಿಜ. ಆದರೆ ಆ ಅನುಮತಿ ಒಂದೊಂದು ಬಾಯಿಯನ್ನು ಬಿಡಿಯಾಗಿ ನೋಡುತ್ತದೆ. ಹತ್ತು ಬಾಯಿ ಸೇರಿದರೆ ಹೆದ್ದಾರಿಯ ಗತಿಯೇನು ಎಂದು ಕೂಡಿಸಿ ನೋಡುವ ಕೆಲಸ ಯೋಜನಾ ಪ್ರಾಧಿಕಾರದ್ದು.

ಯಾದಗಿರಿಯ ಕಥೆ ಬೇರೆ. 2009ರ ಡಿಸೆಂಬರ್ 30ರಂದು ಜಿಲ್ಲೆಯಾದ ಮೇಲೆ ಕಚೇರಿಗಳು ಚಿತ್ತಾಪುರ ರಸ್ತೆಗೆ ಹೋದವು, ಪ್ಲಾಟಿನ ದರವೂ ಅವುಗಳ ಹಿಂದೆಯೇ ಹೋಯಿತು. ಊರಿನ ನಡುವೆ ಮುಂಬೈ–ಚೆನ್ನೈ ರೈಲು ಹಳಿ. ಶಹಾಪುರದ ಕಡೆ ಹೋಗಬೇಕಾದರೆ ಭೀಮೆಯನ್ನು ದಾಟಲೇಬೇಕು. ಹಳಿಯ ಮೇಲಿನ ಸೇತುವೆಯನ್ನಾಗಲಿ ಹೊಳೆಯ ಸೇತುವೆಯನ್ನಾಗಲಿ ಯಾವ ಲೇಔಟಿನ ಮಾಲೀಕನೂ ಕಟ್ಟಲಾರ. ಆದರೆ ತನ್ನ ಪ್ಲಾಟುಗಳು ಅವುಗಳ ಮೇಲೆ ಎಷ್ಟು ಭಾರ ಹಾಕುತ್ತವೆ ಎಂಬ ಲೆಕ್ಕ ಕೊಡಬಲ್ಲ. ಅದನ್ನು ಕೇಳುವವರಿಲ್ಲ. ಇದೇ ಜಿಲ್ಲೆಯ ಕಡೇಚೂರು-ಬಾಡಿಯಾಳದಲ್ಲಿ ಮೂರು ಸಾವಿರ ಎಕರೆಗೂ ಮಿಕ್ಕ ಭೂಮಿ ಕೈಗಾರಿಕಾ ಪ್ರದೇಶವಾಯಿತಲ್ಲ, ಅಲ್ಲಿ ಸರ್ಕಾರವೇ ಲೇಔಟಿನ ಮಾಲೀಕ. ಕೇಳುವವರೂ ಮಾಡುವವರೂ ಒಬ್ಬರೇ ಆದಾಗ ಪ್ರಶ್ನೆ ಇನ್ನಷ್ಟು ಮೆತ್ತಗಾಗುತ್ತದೆ.

ಪರಿಸರ ಅನುಮತಿಯಲ್ಲಿ ಸಂಚಾರದ ಪ್ರಶ್ನೆಯಿದೆ ಎನ್ನುವವರುಂಟು. ಇದೆ. ಆದರೆ 2006ರ ಅಧಿಸೂಚನೆಯ ಪ್ರಕಾರ ಅದು ತಾಗುವುದು 20,000 ಚದರ ಮೀಟರಿನಷ್ಟು ಕಟ್ಟಡಕ್ಕೆ, ಬಡಾವಣೆಯಾದರೆ 50 ಹೆಕ್ಟೇರಿಗೆ, ಅಂದರೆ ಸುಮಾರು 123 ಎಕರೆಗೆ. ಐದೆಕರೆ, ಹತ್ತೆಕರೆಯ ನಮ್ಮ ಲೇಔಟುಗಳು ಆ ಜರಡಿಯಲ್ಲಿ ಸಲೀಸಾಗಿ ಇಳಿದುಹೋಗುತ್ತವೆ. ನಗರಾಭಿವೃದ್ಧಿಗೆ ಅನುಮತಿ ಕೊಡುವ ಮುನ್ನ ಪರಿಸರ ಪರಿಣಾಮದ ಅಧ್ಯಯನ ಕಡ್ಡಾಯವಾಗಲಿ ಎಂದು ಸುಪ್ರೀಂ ಕೋರ್ಟು 2023ರ ಜನವರಿಯಲ್ಲಿ ಚಂಡೀಗಢದ ಪ್ರಕರಣದಲ್ಲಿ ಸರ್ಕಾರಗಳಿಗೆ ಹೇಳಿತು. ಕಡ್ಡಾಯ ಮಾಡಿದರೂ ಈ 123 ಎಕರೆಯ ಮಿತಿ ಇಳಿಯದಿದ್ದರೆ ಶಹಾಪುರಕ್ಕೆ ಅದರಿಂದ ಆಗುವುದು ಅಷ್ಟರಲ್ಲೇ ಇದೆ.

ಹಾಗೆಂದು ‘ರಸ್ತೆ ಮೊದಲು’ ಎಂಬ ನಿಯಮ ಸರ್ವರೋಗಕ್ಕೂ ಮದ್ದೆಂದು ನಾನು ಹೇಳಲಾರೆ. ಅಮೆರಿಕದ ಫ್ಲಾರಿಡಾ ರಾಜ್ಯ 1985ರಲ್ಲಿ ಇದನ್ನೇ ಕಾನೂನಾಗಿಸಿತು: ರಸ್ತೆಗೆ ಭಾರ ತಾಳುವ ಶಕ್ತಿ ಇಲ್ಲದ ಕಡೆ ಹೊಸ ನಿರ್ಮಾಣವಿಲ್ಲ. ಪರಿಣಾಮ ತಿರುಗುಬಾಣವಾಯಿತು. ಊರೊಳಗಿನ ರಸ್ತೆ ತುಂಬಿದ್ದರಿಂದ ಬಿಲ್ಡರುಗಳು ರಸ್ತೆ ಖಾಲಿಯಿದ್ದ ಹೊರವಲಯಕ್ಕೆ ಓಡಿದರು, ಊರು ಇನ್ನೂ ಚದುರಿತು. 2011ರಲ್ಲಿ ರಸ್ತೆಯ ಮಟ್ಟಿಗೆ ಆ ಷರತ್ತನ್ನು ಸ್ಥಳೀಯ ಆಡಳಿತದ ಇಚ್ಛೆಗೆ ಬಿಟ್ಟರು. ಅಲ್ಲಿಯ ಅಳತೆಗೋಲು ಕಾರಿನ ವೇಗ. ಅದನ್ನು ಇಲ್ಲಿಗೆ ತಂದರೆ ಸುರಪುರದ ಓಣಿಯಲ್ಲಿ ಮಾಳಿಗೆ ಏರಿಸಲೂ ಆಗದು, ಹೊರಗಿನ ಎರಿ ಹೊಲಗಳು ಮಾತ್ರ ಪ್ಲಾಟಾಗುತ್ತ ಹೋದಾವು. ನಮ್ಮ ಲೆಕ್ಕ ಶುರುವಾಗಬೇಕಾದ್ದು ಕಾರಿನಿಂದಲ್ಲ. ಬಸ್ಸು ತಿರುಗುತ್ತದೆಯೇ, ಆಂಬುಲೆನ್ಸು ಎದುರಾದರೆ ಟ್ರ್ಯಾಕ್ಟರಿಗೆ ಪಕ್ಕಕ್ಕೆ ಸರಿಯಲು ಜಾಗವಿದೆಯೇ, ಮಕ್ಕಳು ಹೆದ್ದಾರಿ ದಾಟುವುದು ಎಲ್ಲಿ ಎಂಬುದರಿಂದ.

ಇರುವ ಪದ್ಧತಿಯನ್ನೇ ಕಮಾನಿನ ಆಚೆಗೆ ಚಾಚಬಹುದು. 40:30:30ರ ಕೊನೆಯ 30ನ್ನು ಸಂಪರ್ಕ ರಸ್ತೆ ಮುಗಿಯುವವರೆಗೆ ಹಿಡಿದಿಡುವುದು, ಒಂದೇ ದಾರಿಯನ್ನು ನೆಚ್ಚಿದ ಲೇಔಟುಗಳಿಂದ ಆ ದಾರಿಯ ಹೆಸರಿನಲ್ಲೇ ಹಣ ಕಟ್ಟಿಸಿಕೊಳ್ಳುವುದು. ಪ್ಲಾಟು ದುಬಾರಿಯಾಗುತ್ತದೆ ಎಂಬ ಆಕ್ಷೇಪ ಬರುತ್ತದೆ, ಸುಳ್ಳಲ್ಲ. ಆದರೆ ಈಗ ಆ ಖರ್ಚು ಇಲ್ಲವೆಂದಲ್ಲ. ಮಾಲೀಕ ಪ್ಲಾಟು ಮಾರಿ ಹೋದ ಎಷ್ಟೋ ವರ್ಷಕ್ಕೆ ನಗರಸಭೆಯ ಅಥವಾ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ದುಡ್ಡಿನಲ್ಲಿ ಆ ರಸ್ತೆ ಆಗಬೇಕು. ರಸ್ತೆಯೇ ಇಲ್ಲದ ತಾಂಡಾದ ಪಾಲಿನ ದುಡ್ಡು ಅದು. ಇದಕ್ಕೆಲ್ಲ ನಿಯಮ ತಿದ್ದಬೇಕು, ತಡವಾದೀತು. 14-ಎ ಪ್ರಕಟಣೆಯಲ್ಲಿ ಸರ್ವೆ ನಂಬರಿನ ಪಕ್ಕದಲ್ಲಿ ಸಂಪರ್ಕ ರಸ್ತೆಯ ಇಂದಿನ ಅಗಲವನ್ನೂ, ಅದೇ ರಸ್ತೆಗೆ ಈಗಾಗಲೇ ಕೂಡಿಕೊಂಡ ಲೇಔಟುಗಳ ಸಂಖ್ಯೆಯನ್ನೂ ಅಚ್ಚು ಹಾಕಿಸುವುದಕ್ಕೆ ಮಾತ್ರ ಪ್ರಾಧಿಕಾರ ಯಾರನ್ನೂ ಕಾಯಬೇಕಿಲ್ಲ.