ಎರಡು ಭಾಷೆ ಮಗುವಿಗೆ ಹೊರೆಯಲ್ಲ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆ ಮೂರು ವರ್ಷವಾದರೂ ಮಗು ಮಾತಾಡದಿದ್ದರೆ ಮನೆಯವರಿಗೆ ಸಿಗುವ ಸಲಹೆ ಒಂದೇ: ‘ಮನ್ಯಾಗ ಕನ್ನಡ-ಮರಾಠಿ ಎರಡೂ ಬ್ಯಾಡ್ರಿ, ಒಂದರಾಗ ಮಾತಾಡ್ರಿ.’ ನೆರೆಯವರು ಹೇಳುತ್ತಾರೆ, ಮಾಸ್ತರರು ಹೇಳುತ್ತಾರೆ, ಕೆಲವು ವೈದ್ಯರೂ ಹೇಳುತ್ತಾರೆ. ಡೌನ್ ಸಿಂಡ್ರೋಮ್, ಆಟಿಸಂ ಅಥವಾ ಬೌದ್ಧಿಕ ವಿಕಲತೆ ಇರುವ ಮಗುವಾದರಂತೂ ಅದು ಕಟ್ಟಪ್ಪಣೆ. ಈ ಮಾತು ತಪ್ಪು. ಇದರಿಂದ ಮಕ್ಕಳಿಗೆ ಕೇಡೂ ಆಗುತ್ತಿದೆ.

ಕೆನಡಾದಲ್ಲಿ ಎಲಿಜಬೆತ್ ಕೇ-ರೇನಿಂಗ್ ಬರ್ಡ್ ಮತ್ತು ಸಂಗಡಿಗರು ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಎರಡು ಭಾಷೆಯವರನ್ನೂ ಒಂದೇ ಭಾಷೆಯವರನ್ನೂ ಹೋಲಿಸಿ 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಎರಡು ಭಾಷೆಯ ಮಕ್ಕಳು ಇಂಗ್ಲಿಷಿನಲ್ಲಿ ಹಿಂದೆ ಬಿದ್ದಿರಲಿಲ್ಲ. ಆಟಿಸಂ ಇರುವ ಮಕ್ಕಳ ಬಗ್ಗೆ ಹ್ಯಾಂಬ್ಲಿ ಮತ್ತು ಫೋಂಬೋನ್ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಎರಡು ಭಾಷೆಯಿಂದ ಹೆಚ್ಚಿನ ವಿಳಂಬ ಕಾಣಲಿಲ್ಲ. ಇವು ಸಣ್ಣ ಗುಂಪುಗಳು, ಪರದೇಶದವು ಎಂಬ ಆಕ್ಷೇಪ ನ್ಯಾಯವೇ. ಆದರೆ ಒಂದು ಭಾಷೆಯನ್ನು ಬಿಡಿಸಿದ್ದರಿಂದ ಇನ್ನೊಂದು ಸುಧಾರಿಸಿತೆಂದು ತೋರಿಸುವ ಹೊಣೆ ಸಲಹೆ ಕೊಡುವವರದು.

ಮಾತು ತಡವಾದ ಮಗು ಬಹಳ ಹೊತ್ತು ಕಳೆಯುವುದು ಮನೆ, ಓಣಿಯಲ್ಲಿ. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ತಾಯಿ ಮರಾಠಿಯಲ್ಲಿ ಜೋಗುಳ ಹಾಡಿದರೆ ಅಜ್ಜಿ ಕನ್ನಡದಲ್ಲಿ ಉಣ್ಣಲು ಕರೆಯುತ್ತಾಳೆ. ಇಬ್ಬರಲ್ಲಿ ಒಬ್ಬಳ ಭಾಷೆ ಬಿಡಿಸಿದರೆ ಅವಳು ಮಗುವಿನೊಂದಿಗೆ ಮಾತನ್ನೇ ಕಡಿಮೆ ಮಾಡುತ್ತಾಳೆ. ಮೊದಲೇ ಆ ಮಗುವಿನ ಎದುರು ಕೂತು ಮಾತಾಡುವವರು ವಿರಳ. ಇದ್ದವರಲ್ಲೂ ಒಬ್ಬರನ್ನು ಸುಮ್ಮನಾಗಿಸುವ ಈ ಸಲಹೆ ಯಾವ ಚಿಕಿತ್ಸೆ?

ಇನ್ನೂ ದೊಡ್ಡ ಅಪಾಯ ಕಾಯುವಿಕೆಯದು. ‘ಎರಡು ಭಾಷೆಯ ಮನೆ, ತಡವಾಗಿ ಮಾತಾಡುತ್ತಾನೆ ಬಿಡಿ’ ಎಂದು ತಂದೆತಾಯಿಯನ್ನು ಸಮಾಧಾನ ಮಾಡಿ ಕಳಿಸಿದಾಗ ಕಿವಿಯ ಪರೀಕ್ಷೆಯೇ ನಡೆಯುವುದಿಲ್ಲ. ಮಾತು ಬಾರದ ಮಗುವಿಗೆ ಮೊದಲು ಆಗಬೇಕಾದದ್ದೇ ಅದು. ಕಿವುಡುತನ ಬೇಗ ಗೊತ್ತಾದಷ್ಟೂ ಮಾತಿಗೆ ಒಳ್ಳೆಯದು. ಭಾಷೆಯ ಮೇಲೆ ತಪ್ಪು ಹೊರಿಸಿ ಕಳೆದ ವರ್ಷಗಳನ್ನು ಯಾರೂ ತಂದುಕೊಡಲಾರರು.

ಎರಡು ಭಾಷೆ ತೊಡಕಾಗುವುದು ನಿಜಕ್ಕೂ ಒಂದು ಕಡೆ: ಅಳೆಯುವವರಿಗೆ. ಕಾಗವಾಡ, ಅಥಣಿ, ರಾಯಬಾಗದವರು ಹತ್ತಿರವೆಂದು ಮಿರಜ, ಸಾಂಗಲಿಗೆ ಮಗುವನ್ನು ಒಯ್ಯುತ್ತಾರೆ. ಅಲ್ಲಿ ಪ್ರಶ್ನೆ ಮರಾಠಿಯಲ್ಲಿ. ಬೆಳಗಾವಿಗೆ ಹೋದರೆ ಕನ್ನಡದಲ್ಲಿ. ನೀರು, ನಾಯಿಗೆ ಕನ್ನಡದಲ್ಲೂ ಹಾಲು, ಬೆಕ್ಕಿಗೆ ಮರಾಠಿಯಲ್ಲೂ ಹೆಸರು ಹೇಳುವ ಮಗುವಿಗೆ ನಾಲ್ಕೂ ಗೊತ್ತು. ಒಂದೇ ಭಾಷೆಯಲ್ಲಿ ಎಣಿಸಿದವರಿಗೆ ಎರಡೇ ಸಿಗುತ್ತವೆ. ಆ ಕೊರತೆ ಮಗುವಿನ ಬುದ್ಧಿಯ ಲೆಕ್ಕಕ್ಕೆ ಸೇರುತ್ತದೆ.

ಬೇಸರದ ಸಂಗತಿಯೆಂದರೆ, ಮಗುವನ್ನು ಅದರ ಭಾಷೆಯಲ್ಲೇ ಅಳೆಯಬೇಕೆಂಬ ತಿಳಿವಳಿಕೆ ಮುಂಬಯಿ ಕರ್ನಾಟಕದಲ್ಲಿ ತೊಂಬತ್ತು ವರ್ಷಗಳ ಹಿಂದೆಯೇ ಇತ್ತು. ವಿ. ವಿ. ಕಾಮತ್ ಅವರು ಬಿನೆ ಬುದ್ಧಿಮಾಪನವನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ ಪರಿಷ್ಕರಿಸಿದ ಲೇಖನ ಬ್ರಿಟನ್ನಿನ ಶೈಕ್ಷಣಿಕ ಮನಶ್ಶಾಸ್ತ್ರ ಪತ್ರಿಕೆಯಲ್ಲಿ ಬಂದದ್ದು 1934ರಲ್ಲಿ. ಆ ಬಿನೆ-ಕಾಮತ್ ಪರೀಕ್ಷೆ ದೇಶದ ಆಸ್ಪತ್ರೆಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ಅದರ ಮಾನದಂಡಗಳು ಹಳೆಯವಾಗಿವೆ, ಅದು ಬೇರೆ ಚರ್ಚೆ. ಆದರೆ ಎರಡೂ ಭಾಷೆಯ ಮಕ್ಕಳನ್ನು ಮನಸ್ಸಿನಲ್ಲಿಟ್ಟು ಹುಟ್ಟಿದ ಪರೀಕ್ಷೆಯ ನಾಡಿನಲ್ಲೇ ಎರಡೂ ಭಾಷೆ ಆಡುವ ಮಗುವನ್ನು ಒಂದರಲ್ಲಿ ಮಾತ್ರ ಕೇಳಿ ಕಳಿಸುವುದು ಒಪ್ಪತಕ್ಕದ್ದಲ್ಲ. ಹಾಗೆ ಕೇಳಿ ಕೊಟ್ಟ ಬುದ್ಧಿಮಾಪನದ ಅಂಕ ಸಣ್ಣ ವಿಷಯವೂ ಅಲ್ಲ; ಬೌದ್ಧಿಕ ವಿಕಲತೆಯನ್ನು ನಿರ್ಧರಿಸುವಾಗ ಅದೂ ಲೆಕ್ಕಕ್ಕೆ ಬರುತ್ತದೆ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಮೀಸಲಾತಿಯಂಥ ಸೌಲಭ್ಯಕ್ಕೆ ಕನಿಷ್ಠ ಶೇ 40ರಷ್ಟು ವಿಕಲತೆ ಪ್ರಮಾಣಪತ್ರದಲ್ಲಿ ದಾಖಲಾಗಿರಬೇಕು.

ಈ ಐದು ತಾಲ್ಲೂಕುಗಳಲ್ಲಿ ಅಂಗನವಾಡಿ, ಶಾಲೆಗಳಿಗೆ ತಪಾಸಣೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರಲ್ಲಿ, ಸಮನ್ವಯ ಶಿಕ್ಷಣದ (ಬಿಐಇಆರ್‌ಟಿ) ಶಿಕ್ಷಕರಲ್ಲಿ ನನ್ನ ವಿನಂತಿ ಇಷ್ಟು: ಮಗುವನ್ನು ಎರಡೂ ಭಾಷೆಯಲ್ಲಿ ಕೇಳಿ, ಯಾವ ಭಾಷೆಯಲ್ಲಿ ಕೇಳಿದಿರೆಂದು ವರದಿಯಲ್ಲಿ ಬರೆಯಿರಿ. ತಂದೆತಾಯಿಗಳೇ, ಆ ಸಾಲು ಇಲ್ಲದ ವರದಿ ಕೊಟ್ಟರೆ ಕೇಳಿ ಬರೆಸಿಕೊಳ್ಳಿ. ಮನೆಯಲ್ಲಿ ನಿಮಗೆ ಸಲೀಸಾದ ಭಾಷೆಯಲ್ಲೇ ಮಗುವಿನೊಂದಿಗೆ ಮಾತಾಡಿ.